ಜೋಗೇಶ್ವರಿಯ ಸಾಕ್ಷಿ

ನಮ್ಮ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವುದೆಂದರೆ, ದೇವರು ನಮ್ಮನ್ನು ಯಾವ ಪಾಪದಿಂದ ಹೇಗೆ ಉಳಿಸಿದ ಎಂದು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಒಬ್ಬರು ಕುಡಿತ ಬಿಟ್ಟ ಕಥೆ ಹೇಳುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಬಿಟ್ಟದ್ದನ್ನು ಸುತ್ತಿ ಬಳಸಿ ಹೇಳುತ್ತಾರೆ. ನನ್ನದು ಜೋಗೇಶ್ವರಿಯ ಸಾಕ್ಷಿ. ಭಾಂಡುಪಿನ ಮನೆಗಳಲ್ಲಿ ನಡೆಯುವ ಪ್ರಾರ್ಥನಾಕೂಟಗಳಲ್ಲಿ ಅದಕ್ಕೆ ಆ ಹೆಸರೇ ಬಿದ್ದಿತ್ತು. ಹದಿನೆಂಟು ವರ್ಷ ನಾನು ಅದನ್ನು ಹೇಳುತ್ತ ಬಂದೆ. ಈಗ ನೆನೆದರೆ ಅಗಿದು ಉಗುಳಿದ್ದನ್ನು ಮತ್ತೆ ಬಾಯಿಗೆ ಹಾಕಿಕೊಂಡಂತಾಗುತ್ತದೆ.

ನಾನು ಹೇಳುತ್ತಿದ್ದುದು ಹೀಗೆ. ಎಂ.ಎಸ್ಸಿ. ಮುಗಿಸಿದ ಮೇಲೆ ಜೋಗೇಶ್ವರಿ ಬಡಾವಣೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಮಿಠಾಯಿ ಅಂಗಡಿಗಳಿಗೂ ಬೇಕರಿಗಳಿಗೂ ಹೋಗುವ ಬಣ್ಣವನ್ನು ಅಲ್ಲಿ ಮಾಡುತ್ತಿದ್ದರು. ದೀಪಾವಳಿಗೆ ಮುಂಚೆ ಬಂದ ಒಂದು ಬ್ಯಾಚಿನ ಕಿತ್ತಳೆ ಬಣ್ಣಕ್ಕೆ ಆಸಿಡ್ ಹಾಕಿ ನೋಡಿದೆ. ಕೊಳವೆಯಲ್ಲಿದ್ದುದು ಗುಲಾಬಿಗೆ ತಿರುಗಿತು. ಬಟ್ಟೆಗೆ ಹಾಕುವ ಅಗ್ಗದ ಹಳದಿಯನ್ನು ತಿನ್ನುವ ಬಣ್ಣಕ್ಕೆ ಬೆರೆಸಿದ್ದರು. ಮಾಲೀಕ ಸೇಠ ಬಂದು, ಗಾಡಿ ಕಾಯುತ್ತಿದೆ, ಸರಿಯಿದೆ ಎಂದು ಸಹಿ ಹಾಕು ಎಂದ. ಪೆನ್ನು ಕೈಗೆ ಕೊಟ್ಟ. ಆಗ ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಕಲಿತ ಒಂದು ವಚನ ನೆನಪಿಗೆ ಬಂತು. ನಾನು ಪೆನ್ನಿನ ಮುಚ್ಚಳ ಹಾಕಿದೆ, ಮೇಜಿನ ಮೇಲೆ ಇಟ್ಟೆ, ಎದ್ದು ಬಂದೆ.

ಮುಚ್ಚಳ ಹಾಕಿದೆ ಎನ್ನುವಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು. ಮೊದಮೊದಲು ನಿಜವಾಗಿಯೇ ಕಟ್ಟಿರಬೇಕು. ಆಮೇಲೆ ಆ ಜಾಗ ಬಂದ ಕೂಡಲೇ ತಾನಾಗಿ ಕಟ್ಟಲು ಕಲಿಯಿತು. ಎರಡು ವಾಕ್ಯ ಮುಂಚೆಯೇ ನನಗೆ ಅದು ಬರುವುದು ಗೊತ್ತಾಗುತ್ತಿತ್ತು. ಕುರ್ಚಿಗಳ ಕಡೆಯಿಂದ ದೇವರಿಗೆ 'ಸ್ತೋತ್ರ, ಸ್ತೋತ್ರ' ಎಂದು ಮೆಲ್ಲಗೆ ಕೇಳಿಬರುವುದೂ ಗೊತ್ತಿತ್ತು. ಆ ಸದ್ದಿಗೆ ನಾಯಿ ಕಿವಿ ನಿಮಿರಿಸುವಂತೆ ನಾನು ಒಳಗೊಳಗೇ ಕಾಯುತ್ತಿದ್ದೆ.

ಪರಿಶುದ್ಧವಾಗಿ ಬದುಕಬೇಕೆಂಬ ಹಂಬಲ ಸುಳ್ಳಾಗಿರಲಿಲ್ಲ. ಲೆಂಟ್ ವ್ರತದ ನಲವತ್ತು ದಿನ ಚಹಾ ಬಿಡುತ್ತಿದ್ದೆ. ಲೋಕಲ್ ರೈಲಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಡುತ್ತಿದ್ದೆ, ಬಿಟ್ಟುಕೊಟ್ಟ ಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಿದ್ದೆ. ಆಮೇಲೆ ಪಾಠ ಹೇಳಲು ಸೇರಿದ ಕಾಲೇಜಿನ ಸ್ಟಾಫ್ ರೂಮಿನ ಚಾಡಿಗೆ ಕಿವಿಗೊಡುವುದಿಲ್ಲ ಎಂದುಕೊಂಡು ಅರ್ಧ ಕೇಳಿ ಏಳುತ್ತಿದ್ದೆ. ಜೊತೆಗೆ ವಿಶ್ವವಿದ್ಯಾಲಯದಲ್ಲಿ ಕಲಿತ ಅನುಮಾನದ ಅಭ್ಯಾಸವೂ ಬಿಟ್ಟಿರಲಿಲ್ಲ. ನೆನಪು ಎನ್ನುವುದು ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲ, ತೆಗೆದಾಗಲೆಲ್ಲ ಹೊಸದಾಗಿ ಹೊಲಿಯುವಂಥದ್ದು ಎಂದು ವಿದ್ಯಾರ್ಥಿಗಳಿಗೆ ಹೇಳಲು ನನಗೆ ಇಷ್ಟ. ನನ್ನ ಸಾಕ್ಷಿಯನ್ನು ಮಾತ್ರ ಆ ಮಾತಿನಿಂದ ಹೊರಗಿಟ್ಟಿದ್ದೆ.

ಹೋದ ವರ್ಷ ಒಂದು ಶನಿವಾರ ಸಂಜೆ ಭಾಂಡುಪಿನಲ್ಲಿ ನಮ್ಮ ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಕೂಟವಿತ್ತು. ಹುಬ್ಬಳ್ಳಿಯವರು, ರೈಲ್ವೆಯಿಂದ ನಿವೃತ್ತರು, ಎಲ್ಲವನ್ನೂ ಟೈಮ್‌ಟೇಬಲ್ಲಿನಂತೆ ನಡೆಸುವವರು.

"ಸರ, ಇವತ್ತ ಹುಡುಗ್ರು ಭಾಳ ಬಂದಾರ. ಜೋಗೇಶ್ವರಿದ ಹೇಳಿಬಿಡ್ರಿ. ಹತ್ತ ನಿಮಿಷ. ಅಷ್ಟರಾಗ ಒಳಗ ಚಹಾ ಆಗತದ," ಎಂದರು.

ಹೇಳಿದೆ. ಗಂಟಲು ಕಟ್ಟಿತು. ಸ್ತೋತ್ರ ಬಂತು. ಅವಲಕ್ಕಿ ಚೂಡಾದ ಪೇಪರ್ ಪ್ಲೇಟು ಹಿಡಿದು ನಿಂತಿದ್ದಾಗ ಒಬ್ಬಳು ಹುಡುಗಿ ಹತ್ತಿರ ಬಂದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಅಪ್ಪ ಇಲ್ಲ. ತಾಯಿಗೆ ಮೊಣಕಾಲು ನೋವು, ಹೊಲಿಗೆ ಕೆಲಸ ನಿಂತುಹೋಗಿದೆ. ಹುಡುಗಿ ಒಂದು ಕೋಚಿಂಗ್ ಕ್ಲಾಸಿನ ಕೌಂಟರಿನಲ್ಲಿ ಕೂತು, ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳ ಜೊತೆ ಮಾತಾಡುವ ಕೆಲಸ ಮಾಡುತ್ತಾಳೆ.

"ಅಂಕಲ್, ನಾನು ಡಿಸೈಡ್ ಮಾಡ್ದೆ," ಎಂದಳು. "ಮಂಡೇ ರಿಸೈನ್ ಕೊಡ್ತೀನಿ."

"ಯಾಕ, ಏನಾತು?"

"ರೋಜ್ ಝೂಠ್, ಬರೀ ಸುಳ್ಳು ಹೇಳಬೇಕು. ಎರಡೇ ಸೀಟ್ ಉಳದಾವ, ಇವತ್ತೇ ಸೇರಿಸ್ರಿ ಅಂತ. ಒಳಗ ನೋಡಿದ್ರ ಆಧಾ ಬೆಂಚ್ ಖಾಲಿ. ನೀವು ಪೆನ್ ಇಟ್ಟು ಬಂದ್ರಿ ಅಲ್ಲಾ, ನಾನೂ ಹಂಗೇ ಬರ್ತೀನಿ."

ಅವಳ ತಾಯಿ ಹಿಂದೆಯೇ ನಿಂತಿದ್ದರು. ದನಿ ಏರಿಸಲಿಲ್ಲ. "ಸರ, ನೀವು ಸಾಕ್ಷಿ ಹೇಳ್ತೀರಿ, ಚೂಡಾ ತಿಂತೀರಿ, ಮನಿಗಿ ಹೋಗ್ತೀರಿ. ಇಕಿ ನೌಕ್ರಿ ಬಿಟ್ರ ನಾವಿಬ್ರೂ ಏನ ತಿನ್ನೂಣು? ನಿಮ್ಮ ಸಾಕ್ಷಿ ತಿನ್ನೂಣೇನು?"

"ಮಮ್ಮಿ, ಪ್ಲೀಸ್."

"ಏನ್ ಪ್ಲೀಸ್? ಎರಡು ಸೀಟ್ ಅಂದ್ರ ಯಾರ ಸಾಯ್ತಾರ? ಬಂದವರಿಗೂ ಗೊತ್ತಿರ್ತದ ಅದು ಸುಳ್ಳಂತ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು, ನಾನು ಏನಾದರೂ ಗಟ್ಟಿ ಮಾತು ಹೇಳಲೆಂದು. ಬಾಯಲ್ಲಿ ಚೂಡಾ ಇತ್ತು. "ಪ್ರಾರ್ಥನೆ ಮಾಡಿ ನಿರ್ಧಾರ ಮಾಡವ್ವಾ," ಎಂದೆ. ಆಚೆಗೂ ಇಲ್ಲ, ಈಚೆಗೂ ಇಲ್ಲ, ಇಂಥ ಮಾತುಗಳಲ್ಲಿ ನಾನು ಪಳಗಿದ್ದೇನೆ.

ಮನೆಗೆ ಬಂದ ಮೇಲೂ ಆ ತಾಯಿಯ ಮಾತು ಬಿಡಲಿಲ್ಲ. ಅಂದು ನಾನು ಎದ್ದು ಬಂದ ಮೇಲೆ ನಾವು ಏನು ತಿಂದೆವು? ನೆನಪು ಮಾಡಿಕೊಳ್ಳಲು ಹೊರಟರೆ ಅಲ್ಲಿ ಏನೂ ಇರಲಿಲ್ಲ. ಹೆಂಡತಿ ನೆಲದ ಮೇಲೆ ಪೇಪರ್ ಹಾಸಿ ಕೊತ್ತಂಬರಿ ಸೋಸುತ್ತಿದ್ದಳು.

"ಆ ಜೋಗೇಶ್ವರಿ ಕೆಲಸ ನಾ ಯಾವಾಗ ಬಿಟ್ಟದ್ದು?" ಎಂದು ಕೇಳಿದೆ.

"ಕಾಲೇಜಿನ ಆರ್ಡರ್ ಬಂದ ಮ್ಯಾಲೆ. ಜೂನ್‌ನ್ಯಾಗ."

"ಆ ಸಹಿ ಗದ್ದಲ?"

"ಅದು ದೀಪಾವಳಿ ಮುಂದ." ಅವಳು ತಲೆ ಎತ್ತಲಿಲ್ಲ.

"ಅಂದ್ರ ನಡುವ ಏಳೆಂಟು ತಿಂಗಳು ನಾ ಅಲ್ಲೇ ಹೋಗ್ತಿದ್ನೇನು?"

"ಹೋಗ್ತಿದ್ರಿ. ಡಬ್ಬಿ ಕಟ್ಟಿ ಕೊಡ್ತಿದ್ದಾಕಿ ನಾನ."

ಸಹಿ ಹಾಕದ ಕೆಮಿಸ್ಟನನ್ನು ಯಾವ ಸೇಠ ಎಂಟು ತಿಂಗಳು ಇಟ್ಟುಕೊಳ್ಳುತ್ತಾನೆ? ಈ ಪ್ರಶ್ನೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಹೊಳೆಯದಂತೆ ನೋಡಿಕೊಂಡಿದ್ದೆ ಎನ್ನುವುದೇ ಸರಿ. ಈಗ ಕಣ್ಣು ಮುಚ್ಚಿದರೆ ಎರಡು ಚಿತ್ರ ಬರುತ್ತವೆ. ಒಂದರಲ್ಲಿ ಪೆನ್ನಿಗೆ ಮುಚ್ಚಳವಿದೆ. ಇನ್ನೊಂದರಲ್ಲಿ ಇಲ್ಲ, ಕಾಗದದ ಅಂಚಿನಲ್ಲಿ ನನ್ನ ಹೆಬ್ಬೆರಳಿನ ಕಿತ್ತಳೆ ಗುರುತಿದೆ. ಎರಡೂ ಅಷ್ಟೇ ಸ್ಪಷ್ಟ. ಮೊದಲ ಸಲ ಕೂಟದಲ್ಲಿ ಹೇಳಿದಾಗ ಅದು ಸಾಕ್ಷಿಯಾಗಿರಲಿಲ್ಲ ಎಂಬುದೂ ನೆನಪಾಯಿತು. ಹಿಂದಿನ ಕೆಲಸದಲ್ಲಿ ಹೀಗೆ ಒತ್ತಡ ಬಂದಿತ್ತು, ಮನಸ್ಸಿಗೆ ಸಮಾಧಾನವಿಲ್ಲ, ನನಗಾಗಿ ಪ್ರಾರ್ಥಿಸಿ ಎಂದು ಕೇಳಿದ್ದೆ. ಆಗ ಇದೇ ಹಿರಿಯರು, "ದೇವರು ನಿಮ್ಮ ಕೈ ಹಿಡದು ನಿಲ್ಲಿಸಿದ ನೋಡ್ರಿ," ಎಂದಿದ್ದರು. ನಾನು ಇಲ್ಲ ಎನ್ನಲಿಲ್ಲ. ಅಷ್ಟೇ ನಡೆದದ್ದು. ಉಳಿದದ್ದನ್ನು ವರ್ಷ ವರ್ಷ ಕಟ್ಟಿಕೊಂಡೆ.

"ನಿನಗ ಗೊತ್ತಿತ್ತಲ್ಲ, ಒಂದು ಸಲಾನೂ ಹೇಳಲಿಲ್ಲ," ಎಂದೆ.

"ನೀವು ಅದನ್ನ ಹೇಳೂ ಮುಂದ ನಾ ಯಾವಾಗ್ಲೂ ಒಳಗ ಚಹಾ ಸೋಸ್ತಿರ್ತೀನಿ. ಬೇಕಂತನ."

ಬೇರುಗಳನ್ನೆಲ್ಲ ಒಟ್ಟು ಮಾಡುತ್ತ ಅವಳೇ ಅಂದಳು: "ಸಹಿ ಹಾಕಿದ್ರೋ ಬಿಟ್ರೋ ನನಗ ಗೊತ್ತಿಲ್ರಿ. ನಾ ಅಲ್ಲಿದ್ದಿಲ್ಲ. ಆ ಡಬ್ಬಿ ಮಾತ್ರ ನೆನಪೈತಿ."

ಯಾವ ಡಬ್ಬಿ ಎಂದು ಕೇಳುವ ಮುಂಚೆಯೇ ನನಗೂ ನೆನಪಾಗಿತ್ತು. ಆ ದೀಪಾವಳಿಗೆ ಸೇಠ ಎಲ್ಲರಿಗೂ ಮಿಠಾಯಿ ಡಬ್ಬಿ ಕೊಟ್ಟಿದ್ದ. ಅವನ ಗಿರಾಕಿಯೊಬ್ಬನ ಅಂಗಡಿಯದು. ತೆಗೆದರೆ ಕಿತ್ತಳೆ ಲಡ್ಡು, ಕಿತ್ತಳೆ ಬರ್ಫಿ. ಹೆಂಡತಿ ಆಗ ಬಸುರಿ. ಒಂದು ಲಡ್ಡು ಬಾಯಿಗೆ ಹಾಕಿಕೊಳ್ಳಲು ಹೊರಟವಳ ಕೈ ಹಿಡಿದು, ತಿನ್ನಬೇಡ ಎಂದೆ. ಆ ಲಡ್ಡು ಮತ್ತೆ ಡಬ್ಬಿಗಿಟ್ಟು, ಮುಚ್ಚಳ ಹಾಕಿ, ರಿಬ್ಬನ್ ಕಟ್ಟಿ ಕೆಳಗೆ ಹೋದೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನ ಇಬ್ಬರು ಸಣ್ಣ ಮಕ್ಕಳು ಮೆಟ್ಟಿಲ ಕೆಳಗೆ ಆಡುತ್ತಿದ್ದರು. ಡಬ್ಬಿ ಅವನ ಕೈಗೆ ಕೊಟ್ಟೆ. ಅವನು ಎರಡೂ ಕೈ ಜೋಡಿಸಿದ. ನಾನು ಅವನ ಭುಜ ತಟ್ಟಿ, ಹಬ್ಬದ ಶುಭಾಶಯ ಹೇಳಿ ಮೇಲೆ ಬಂದೆ. ಮೆಟ್ಟಿಲು ಹತ್ತುವಾಗ ನನಗೆ ಒಳ್ಳೆಯ ಕೆಲಸ ಮಾಡಿದ ಖುಷಿಯಿತ್ತು. ಇದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಇಲ್ಲಿ ಎರಡು ಚಿತ್ರಗಳಿಲ್ಲ.

ಎಸೆಯಬಹುದಿತ್ತು. ಕಸದ ಡಬ್ಬ ಗೇಟಿನ ಪಕ್ಕದಲ್ಲೇ ಇತ್ತು.

ಮರುದಿನ ಭಾನುವಾರ. ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಎರಡು ತಾಸು ಅವರ ದೇವಾಲಯ ನಮ್ಮ ಕನ್ನಡದವರಿಗೆ ಸಿಗುತ್ತದೆ. ಹುಡುಗಿ ಸೋಮವಾರ ಕೆಲಸ ಬಿಡುವವಳಿದ್ದಳು, ಅದೂ ನನ್ನ ಪೆನ್ನನ್ನು ನಂಬಿ. ಪ್ರಕಟಣೆಗಳ ಹೊತ್ತಿಗೆ ಎದ್ದು ನಿಂತೆ. ಜೋಗೇಶ್ವರಿಯಲ್ಲಿ ನಾನು ಸಹಿ ಹಾಕಲಿಲ್ಲ ಎಂದು ಇಷ್ಟು ವರ್ಷ ಹೇಳಿದ್ದೇನೆ, ಬಹುಶಃ ಹಾಕಿದ್ದೇನೆ, ಕೆಲಸವನ್ನೂ ಅಂದು ಬಿಡಲಿಲ್ಲ, ನನ್ನ ಮಾತು ನಂಬಿ ಯಾರೂ ಏನೂ ಮಾಡಬೇಡಿ ಎಂದೆ. ಗಂಟಲು ಕಟ್ಟಲಿಲ್ಲ. ಡಬ್ಬಿಯ ಮಾತು ತೆಗೆಯಲಿಲ್ಲ.

ಬೈಗುಳಕ್ಕೆ ಸಿದ್ಧನಾಗಿದ್ದೆ. ಬಂದದ್ದು ಬೇರೆ. ಮೊದಲ ಸಾಲಿನಿಂದ ಒಂದು ಸ್ತೋತ್ರ, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ದೇವಾಲಯ. ಹಿರಿಯರು ಬಂದು ನನ್ನ ಎರಡೂ ಕೈ ಹಿಡಿದರು, ಅವರ ಕಣ್ಣು ಒದ್ದೆಯಾಗಿದ್ದವು.

"ಸರ, ಇಷ್ಟ ವರ್ಷದಾಗ ಇದಕ್ಕಿಂತ ದೊಡ್ಡ ಸಾಕ್ಷಿ ನಾ ಕೇಳಿಲ್ಲ. ಎಂಥಾ ತಗ್ಗಿದ ಮನಸ್ಸು ನಿಮ್ಮದು."

ಒಬ್ಬೊಬ್ಬರಾಗಿ ಕೈ ಕುಲುಕಿದರು. ಒಬ್ಬಾಕೆ, ನನ್ನ ಗಂಡನಿಗೂ ಇಂಥ ಮನಸ್ಸು ಬರಲಿ ಎಂದಳು, ಗಂಡ ಪಕ್ಕದಲ್ಲೇ ಇದ್ದ. ಹೇಸಿಗೆಯ ಮಾತೆಂದರೆ, ಮೂರನೆಯವರು ಕೈ ಕುಲುಕುವ ಹೊತ್ತಿಗೆ ಅದು ನನಗೆ ಹಿತವಾಗತೊಡಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಹುಡುಗಿಯೂ ತಾಯಿಯೂ ನಿಂತಿದ್ದರು. ಹುಡುಗಿ ಕೈ ಚಾಚಲಿಲ್ಲ.

"ಅಂಕಲ್, ಆ ಕಲರ್ ಯಾರು ತಿಂದ್ರು?"

ಇಷ್ಟು ವರ್ಷ ನನ್ನ ಸಾಕ್ಷಿ ಕೇಳಿದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದುದು ನನ್ನ ಆತ್ಮ ಉಳಿಯಿತೇ ಎಂಬುದು. ಗಾಡಿ ಆ ಬಣ್ಣ ತುಂಬಿಕೊಂಡು ಎಲ್ಲಿಗೆ ಹೋಯಿತು ಎಂಬುದು ಯಾರ ಪ್ರಾರ್ಥನೆಯಲ್ಲೂ ಬರಲಿಲ್ಲ.

ಯಾರು ಯಾರು ತಿಂದರೋ ಗೊತ್ತಿಲ್ಲ, ಇಬ್ಬರು ಮಕ್ಕಳಂತೂ ತಿಂದಿರಬೇಕು ಎಂದೆ. ಡಬ್ಬಿಯ ವಿಷಯ ಪೂರ್ತಿ ಹೇಳಿದೆ, ಹೆಂಡತಿಯ ಕೈ ಹಿಡಿದು ತಡೆದದ್ದನ್ನೂ ಬಿಡದೆ.

"ಆಂಟಿಗೆ ಬ್ಯಾಡ, ಆ ಮಕ್ಕಳಿಗೆ ಚಲೇಗಾ, ನಡೀತದ?"

ನಾನು ಕೈಯಲ್ಲಿದ್ದ ಬೈಬಲನ್ನು ಕಂಕುಳಿಗೆ ಸೇರಿಸಿಕೊಂಡೆ.

"ಛೀ, ಅಂಕಲ್," ಎಂದಳು, ಜೋರಾಗಿ ಅಲ್ಲ. ಅವಳ ತಾಯಿ ನನ್ನ ಮುಖವನ್ನೇ ನೋಡುತ್ತ ಸೆರಗು ಸರಿ ಮಾಡಿಕೊಂಡು, "ನಡಿ, ಬಸ್ ಬರ್ತದ," ಎಂದರು.

ಹುಡುಗಿ ಸೋಮವಾರ ರಾಜೀನಾಮೆ ಕೊಡಲಿಲ್ಲ. ಕೌಂಟರಿಗೆ ಹೋಗಿ ಕೂತು, ಬಂದವರಿಗೆಲ್ಲ, ಸೀಟು ಬೇಕಾದಷ್ಟಿವೆ, ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಎಂದು ಹೇಳಿದಳಂತೆ. ನಾಲ್ಕನೆಯ ದಿನ ಅವಳನ್ನು ಅಲ್ಲಿಂದ ಎಬ್ಬಿಸಿ ಒಳಗೆ ಜೆರಾಕ್ಸ್ ಮೆಷೀನಿನ ಹತ್ತಿರ ಹಾಕಿದರು. ಈ ಸುದ್ದಿಯನ್ನು ನನ್ನ ಹೆಂಡತಿಗೆ ಹೇಳಿದವರು ತಾಯಿ. "ಇನ್ನ ಇಡೀ ದಿನ ನಿಂತಿರತಾಳ. ಅಕಿ ಕಾಲೂ ನನ್ನ ಕಾಲಿನಂಗ ಆಗ್ತಾವ," ಎಂದು ಗೊಣಗಿದರಂತೆ. ಹುಡುಗಿ ಇದನ್ನು ಯಾವ ಕೂಟದಲ್ಲೂ ಎದ್ದು ಹೇಳಿಲ್ಲ. ಸಾಕ್ಷಿಯ ಹೊತ್ತು ಬಂದರೆ ಎದ್ದು, ನನ್ನ ಹೆಂಡತಿಯ ಜೊತೆ ಒಳಗೆ ಚಹಾ ಸೋಸಲು ಹೋಗುತ್ತಾಳೆ.

ತಿಂಗಳ ಮೇಲೆ ಹಿರಿಯರು ಫೋನ್ ಮಾಡಿದರು. ಠಾಣೆ ಊರಿನ ಸಭೆಯವರದೊಂದು ಕೂಟ, ನನ್ನ ಹೊಸ ಸಾಕ್ಷಿ ಬೇಕಂತೆ.

"ಹೇಳ್ತೀನ್ರಿ. ಆದ್ರ ಡಬ್ಬಿದು ಹೇಳ್ತೀನಿ," ಎಂದು ಅವರಿಗೂ ಡಬ್ಬಿಯ ಕಥೆ ಹೇಳಿದೆ.

"ಅದು ಬ್ಯಾಡ್ರಿ ಸರ. ಕೇಳವ್ರಿಗೆ ಚೊಲೋ ಅನಸೂದಿಲ್ಲ. ಆಮ್ಯಾಲೆ ಊಟ ಐತಿ. ಪೆನ್ನಿಂದ ಹೇಳ್ರಿ, ತಪ್ಪೊಪ್ಪಿಕೊಂಡದ್ದು, ಅಷ್ಟ ಸಾಕು."

ಠಾಣೆಗೆ ಹೋದೆ. ಹೋಗಬಾರದಿತ್ತು. ಅವರ ಮಾತು ಕೇಳದೆ ಡಬ್ಬಿಯಿಂದಲೇ ಶುರು ಮಾಡಿದೆ. ಲಡ್ಡು, ರಿಬ್ಬನ್, ಮೆಟ್ಟಿಲ ಕೆಳಗಿನ ಮಕ್ಕಳು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ವಾಚ್‌ಮನ್ ಕೈ ಜೋಡಿಸಿದ ಎನ್ನುವುದಕ್ಕೆ ಇನ್ನೂ ಎರಡು ವಾಕ್ಯವಿದೆ ಎನ್ನುವಾಗ, ಗಂಟಲಿನಲ್ಲಿ ಆ ಹಳೆಯ ಗಂಟು ಮೆಲ್ಲಗೆ ಮೇಲೇಳುವುದು ಗೊತ್ತಾಯಿತು. ಅದಕ್ಕೆ ಈ ಕಥೆಯಲ್ಲೂ ಜಾಗ ಸಿಕ್ಕಿತ್ತು.

ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಕೂತುಬಿಟ್ಟೆ. ದುಃಖ ತಡೆಯಲಾರದೆ ಕೂತೆನೆಂದುಕೊಂಡು ಯಾರೋ ನೀರು ತಂದುಕೊಟ್ಟರು. ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ ಮೆಲ್ಲಗೆ, 'ಸ್ತೋತ್ರ' ಎಂದಿತು.