ಶುಂಠಿಗೆ ನಾನೇ ಸಾಕ್ಷಿ

ಅವ್ವ ಪಂಪು ಮುಟ್ಟದಿರಲು ಕಾರಣ ನಾನು. ಹುಮನಾಬಾದಿನ ಡಾಕ್ಟರು ಅವಳ ಎದೆಗೆ ಕಿವಿಗೊಟ್ಟು ಕೇಳಿ, ಇದು ದಮ್ಮು, ಅಂದರೆ ಅಸ್ತಮಾ, ಈ ಪಂಪಿನ ಔಷಧಿಯನ್ನು ಬೆಳಿಗ್ಗೆ ಸಂಜೆ ಎರಡೆರಡು ಸಲ ತಪ್ಪದೆ ಬಾಯಿಂದ ಒಳಗೆಳೆದುಕೊಳ್ಳಬೇಕು ಎಂದು ಹೇಳಿ ಕಳಿಸಿದ್ದರು. ಬಸವಕಲ್ಯಾಣದ ಮನೆಗೆ ಬಂದವಳೇ ಪಂಪನ್ನು ಅಲಮಾರಿಯೊಳಗಿಟ್ಟು, ಒಲೆಯ ಮೇಲೆ ಹಸಿಶುಂಠಿ, ಅವಳ ಮಾತಿನಲ್ಲಿ ಅದ್ರಕ, ಕುದಿಯಲು ಹಾಕಿದಳು.

"ಸಣ್ಣವ ಇದ್ದಾಗ ನಿನಗೂ ಇದೇ ದಮ್ಮು ಇತ್ತು. ಯಾವ ಪಂಪ್ ಹಚ್ಚಿದ್ದೆ ನಾ? ಅದ್ರಕ ಕುಡಿಸೇ ಆರಾಮ ಮಾಡೇನಿ. ಹಿಂಗ ನನ್ನ ಮುಂದ ನಿಂತು ವಾದ ಮಾಡಾಕತ್ತೀಯಲ್ಲ, ಇನ್ನ್ಯಾವ ಸಾಕ್ಷಿ ಬೇಕು?"

ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನಿಗೆ ವಾಸಿಯಾದದ್ದು ಪುರಾವೆಯಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳುವವನು. ಆದರೆ ಇಲ್ಲಿ ಆ ಒಬ್ಬ ನಾನೇ.

ನೆನಪೇನೋ ಇದೆ. ಬಿಸಿಬೂದಿಯಲ್ಲಿ ಸುಟ್ಟ ಶುಂಠಿಯನ್ನು ಅವ್ವ ಜಜ್ಜಿ, ರಸ ಹಿಂಡಿ, ಬೆಲ್ಲ ಬೆರೆಸಿ, ಮೊದಲು ತನ್ನ ಎಡ ಅಂಗೈ ಮೇಲಿನ ಲಿಂಗಕ್ಕೆ ತೋರಿಸುತ್ತಿದ್ದಳು. ಲಿಂಗಕ್ಕೆ ಅರ್ಪಿಸದೆ ಅವಳು ಯಾವುದನ್ನೂ ಬಾಯಿಗೆ ಹಾಕುವವಳಲ್ಲ, ಹಾಕಿಸುವವಳೂ ಅಲ್ಲ. ಅರ್ಪಿಸಿದ ಮೇಲೆ ಅದು ಪ್ರಸಾದ, ಉಗುಳುವಂತಿಲ್ಲ. ಗಂಟಲು ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಉಸಿರು ಸರಾಗವಾಯಿತೇ? ಅದು ಮಾತ್ರ ನೆನಪಿಲ್ಲ.

ಜೊತೆಗೆ ಇನ್ನೊಂದು ಚಿತ್ರ: ಹುಮನಾಬಾದಿನ ದವಾಖಾನೆಯ ಹಸಿರು ಗೋಡೆ, ಸ್ಪಿರಿಟ್ಟಿನ ವಾಸನೆ, ಸೂಜಿ. ಸೂಜಿಯಿಂದ ವಾಸಿಯಾಗಿದ್ದರೆ ಶುಂಠಿಯ ಹೆಗ್ಗಳಿಕೆ ಅಲ್ಲಿಗೆ ಮುಗಿಯಿತು, ಅವ್ವ ಪಂಪು ಹಿಡಿಯುತ್ತಾಳೆ. ಖಾತ್ರಿ ಮಾಡಿಕೊಳ್ಳಲು ಹುಡಗಿ ಎಂಬ ಊರಿನಲ್ಲಿ ಶುಂಠಿ ಬೆಳೆಯುವ ಅಣ್ಣನಿಗೆ ಫೋನ್ ಮಾಡಿದೆ.

"ಲೇ, ಸೂಜಿ ಮಾಡಿಸ್ಕೊಂಡಾವ ನಾನು," ಎಂದ ಅಣ್ಣ. "ದಮ್ಮು ಇದ್ದದ್ದೂ ನನಗ. ನೀ ಬರೇ ಬಾಜೂಕ ನಿಂತು ಅಳಾಕತ್ತಿದ್ದಿ."

"ಹಂಗಾದ್ರ ನನಗ ಅದ್ರಕ ಯಾಕ ಕುಡಿಸಿದ್ಳು?"

"ಒಬ್ಬ ಕೆಮ್ಮಿದ್ರ ಮನಿ ಮಂದಿಗೆಲ್ಲ ಕುಡಿಸ್ತಿದ್ಳಲ್ಲ. ಇಷ್ಟ್ ಓದಿ, ನಿನಗ ಯಾವ ರೋಗ ಇತ್ತಂತ ನನಗ ಕೇಳಾಕತ್ತೀಯೇನೋ ಪ್ರೊಫೆಸರಾ!"

"ನಿನಗ ಹ್ಯಾಂಗ ಆರಾಮಾತು? ಸೂಜಿಂದೋ, ಅದ್ರಕದಿಂದೋ?"

"ಯಾರಿಗಿ ಗೊತ್ತು? ದೊಡ್ಡವಾದೆ, ಹೋಯ್ತು."

ಫೋನ್ ಇಟ್ಟ ಮೇಲೆ ಇನ್ನಷ್ಟು ಗೊಂದಲವಾಯಿತು. ಮಲಗಿಕೊಂಡೇ ಮಾಳಿಗೆಯ ತೊಲೆಗಳನ್ನು ನೋಡುತ್ತ ಉಸಿರಿಗಾಗಿ ಒದ್ದಾಡಿದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅದೂ ಅಣ್ಣನದೇ? ಅಥವಾ ಮರೆತಿರುವವನು ಅವನೇ? ಶುಂಠಿ ಕಷಾಯ ಗಂಟಲಿಗೆ ಹಿತ, ಅಷ್ಟಕ್ಕೆ ನನ್ನ ತಕರಾರಿಲ್ಲ. ಬಿಗಿದ ಶ್ವಾಸನಾಳವನ್ನೂ ಅದು ಸಡಿಲಿಸುತ್ತದೆಯೇ ಎಂದು ಹುಡುಕಿ ಓದಿದೆ. ಓದಿದಲ್ಲೆಲ್ಲ 'ಇರಬಹುದು' ಎಂಬ ಮಾತೇ ಸಿಕ್ಕಿತು.

ಮರುದಿನ ಬೆಳಿಗ್ಗೆ ಅವ್ವ ಅಂಗಳ ಗುಡಿಸುತ್ತಿದ್ದವಳು ಕಟ್ಟೆಯ ಮೇಲೆ ಕುಸಿದು ಕುಳಿತಳು. ಎದೆಯ ಸೀಟಿ ಬಾಗಿಲವರೆಗೆ ಕೇಳುತ್ತಿತ್ತು. ಅಣ್ಣ ಹೇಳಿದ್ದನ್ನೆಲ್ಲ ಅವಳ ಮುಂದಿಟ್ಟು ಗೆಲ್ಲಬೇಕೆಂದುಕೊಂಡಿದ್ದೆ. ಬಾಯಿಂದ ಬಂದದ್ದೇ ಬೇರೆ.

"ಅವ್ವಾ, ನನಗ ಏನೂ ನೆನಪಿಲ್ಲ. ಅದ್ರಕದಿಂದ ಆರಾಮಾತೋ, ತಾನಾಗೇ ಆತೋ, ದಮ್ಮೇ ಇರಲಿಲ್ಲೋ, ಒಂದೂ ತಿಳೀವಲ್ದು. ಈಗ ನಿನ್ನ ಉಸಿರಷ್ಟೇ ಕೇಳಾಕತ್ತದ."

"ನೆನಪ... ಇಲ್ಲಾ?" ಅವ್ವ ನನ್ನ ಮುಖವನ್ನೇ ನೋಡಿದಳು. ತಾನು ಮಾಡಿದ ಆರೈಕೆಯೇ ಇಲ್ಲವಾಯಿತು ಎಂಬಂತಿತ್ತು ಆ ನೋಟ. ಆಮೇಲೆ ಕೈ ಚಾಚಿದಳು. "ತಾ."

ಪಂಪು ತಂದುಕೊಟ್ಟೆ. ಅವಳು ಅದನ್ನು ಬಾಯಿಗಿಡಲಿಲ್ಲ. ಕೊರಳಿನ ಲಿಂಗವನ್ನು ಎಡ ಅಂಗೈಗೆ ತಂದುಕೊಂಡು, ಪಂಪನ್ನು ಅದರ ಮುಂದೆ ಹಿಡಿದು ಒಮ್ಮೆ ಒತ್ತಿದಳು. ಲಿಂಗದ ಮೇಲೆ ಬಿಳಿ ಹೊಗೆ ಹಾಯ್ದು ಹೋಯಿತು. ಆಮೇಲೆ ಡಾಕ್ಟರು ಹೇಳಿದ ಎರಡು ಸಲ ತಾನು ಎಳೆದುಕೊಂಡಳು. ಬಾಯಿ ಮುಕ್ಕಳಿಸಿ, ಹಿಂದೆಯೇ ಶುಂಠಿ ಕಷಾಯವನ್ನೂ ಕುಡಿದಳು.

ಸೀಟಿ ಇಳಿಯುತ್ತ ಬಂತು. "ಅದ್ರಕ ಛಲೋ ಹತ್ತಿತು ನೋಡು," ಎಂದಳು.

"ಹತ್ತಿರಬೇಕು," ಎಂದೆ.

ಅವತ್ತೇ ಅವಳನ್ನು ಹುಮನಾಬಾದಿಗೆ ಕರೆದೊಯ್ದೆ. "ಅದ್ರಕ ಬೇಕಾದ್ರ ಕುಡೀಲಿ, ಪಂಪ್ ಬಿಟ್ಟು ಬರೇ ಅದ್ರಕ ಮಾತ್ರ ಬ್ಯಾಡ್ರಿ," ಎಂದರು ಡಾಕ್ಟರು. ಅಂದಿನಿಂದ ಅವ್ವ ಒಂದು ದಿನವೂ ತಪ್ಪಿಸಿಲ್ಲ. ಪ್ರತಿ ಸಲವೂ ಮೊದಲನೆಯದು ಲಿಂಗಕ್ಕೆ. ಹೀಗಾಗಿ ಪಂಪು ಬೇಗ ಮುಗಿಯುತ್ತದೆ.

ಮೊನ್ನೆ ಔಷಧಿ ಅಂಗಡಿಯವನು ಕೇಳಿದ: "ಇಷ್ಟ್ ಲಗೂ ಖಾಲಿ ಆತೇನ್ರಿ? ಅವ್ವಾರಿಗಿ ದಮ್ಮು ಜಾಸ್ತಿ ಆಗ್ಯಾದೇನು?"

"ಇಲ್ರಿ, ಕಮ್ಮಿ ಆಗ್ಯಾದ."

ಅವನು ಹೊಸ ಪಂಪನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಎರಡು ಕೊಡ್ರಿ," ಎಂದೆ.