ಎಡದ ಗುಮಟೆ, ಬಲದ ಗುಮಟೆ

ಮಂಜಗುಣಿಯಲ್ಲಿರುವ ನನ್ನ ಸೋದರಮಾವನ ಗುಮಟೆ ಮೇಳದಲ್ಲಿ ಒಂದು ಹಳೆಯ ತಕರಾರಿತ್ತು. ಹಾಡು ಮುಗಿಯುತ್ತ ಬಂದಂತೆ ಲಯ ಓಡತೊಡಗುತ್ತದೆ, ಓಡಿಸುವವರು ಯಾರೆಂದು ಮಾತ್ರ ತೀರ್ಮಾನವಾಗುವುದಿಲ್ಲ. ಗುಮಟೆ ಎಂದರೆ ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ವಾದ್ಯ. ಮೇಳದಲ್ಲಿ ಅದನ್ನು ಬಾರಿಸುವವರು ಮಾವನ ನೆರೆಮನೆಯ ಅಣ್ಣತಮ್ಮಂದಿರು. ಅಣ್ಣ ಒಂದು ಪಕ್ಕ, ತಮ್ಮ ಇನ್ನೊಂದು ಪಕ್ಕ, ನಡುವೆ ತಾಳ ಹಿಡಿದು ಹಾಡುವ ಮಾವ. ಅಣ್ಣ ತಮ್ಮನನ್ನು ದೂರುತ್ತಿದ್ದ, ತಮ್ಮ ಅಣ್ಣನನ್ನು. ಮಾವ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದ.

ಒಮ್ಮೆ ನಾನು ಮೊಬೈಲಿನಲ್ಲಿ ಹಾಡನ್ನು ರೆಕಾರ್ಡ್ ಮಾಡಿ ಕೇಳಿಸಿದೆ. ಎರಡು ಗುಮಟೆಗಳೂ ಒಂದೇ ಮುದ್ದೆಯಾಗಿದ್ದವು. ತಾಳವಂತೂ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಅನ್ನುತ್ತಿತ್ತು. ಯಾರೂ ಏನನ್ನೂ ಒಪ್ಪಲಿಲ್ಲ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಕೇಳುವ ಹಾಗೆ ಹಿಡಿಯಬೇಕು ಎಂಬ ಹುಚ್ಚು ನನಗೆ ಹತ್ತಿದ್ದು ಅಂದೇ.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮೈಕಿನ ಬಗ್ಗೆ ತಿಳಿದದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ ಕೂಗುವಷ್ಟು. ಹಾಡುಗಾರರ ಚಿತ್ರಗಳಲ್ಲಿ ಕಾಣುವ ದಪ್ಪ ತಲೆಯ ದುಬಾರಿ ಮೈಕೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಇಗರ್ಜಿಯಲ್ಲಿ ಪಿಟೀಲು ನುಡಿಸುವ ನಮ್ಮ ವಿಜ್ಞಾನದ ಮಾಸ್ತರರ ಬಳಿ ಕೇಳಿದೆ. ಅವರು ನಕ್ಕರು.

"ಅಕ್ಕೋರೆ, ಒಂದು ಒಳ್ಳೇದು ತಗೊಂಡ್ರೆ ಒಂದು ಕಿವಿ ಆಯ್ತು. ನಿಮಗೆ ಬೇಕಾದ್ದು ಎರಡು ಕಿವಿ."

ಅಗ್ಗದ್ದಾದರೂ ಅಡ್ಡಿಯಿಲ್ಲ, ಎರಡೂ ಒಂದೇ ಬಗೆಯವಾಗಿರಲಿ ಎಂದರು. ಪೆನ್ಸಿಲಿನಂತೆ ಸಪೂರ ಇರುವ ಮೈಕುಗಳು ಜೋಡಿಯಾಗಿಯೇ ಸಿಗುತ್ತವಂತೆ. ರೆಕಾರ್ಡರನ್ನು ಅವರೇ ಕೊಡುತ್ತೇನೆಂದರು.

ಅಲ್ಲಿಂದ ಮುಂದೆ ನಾನು ಬಸ್ಸಿನಲ್ಲಿ ಕೂತರೆ ಕಿವಿಗೆ ಹೆಡ್‌ಫೋನ್. ಇಂಟರ್ನೆಟ್ಟಿನಲ್ಲಿ ಯಾರು ಯಾರೋ ಬೇರೆ ಬೇರೆ ಮೈಕುಗಳಲ್ಲಿ ಹಿಡಿದ ಸಂಗೀತವನ್ನು ಹೋಲಿಸಿ ಕೇಳುವುದೇ ಕೆಲಸ. ಅಗ್ಗದ ಜೋಡಿಗಳಲ್ಲಿ ಹಾಡು ನಿಂತ ಕೂಡಲೇ ಸೊಂಯ್ ಎಂಬ ಸಣ್ಣ ಸದ್ದು. ಅದನ್ನು ಕೇಳಿ ಎರಡು ಸಲ ಆಸೆ ಬಿಟ್ಟೆ. ಮೂರನೆಯ ಸಲ ಬಿಣಗಾದ ನಮ್ಮ ಮನೆಯ ಸ್ಟಾಪಿನಲ್ಲಿ ಇಳಿಯುವಾಗ ಥಟ್ಟನೆ ಹೊಳೆಯಿತು: ನಾನು ಹಿಡಿಯಹೊರಟಿರುವುದು ವೀಣೆಯನ್ನಲ್ಲ, ಗುಮಟೆಯನ್ನು! ಅದರ ಅಬ್ಬರದ ಮುಂದೆ ಈ ಸೊಂಯ್ ಯಾವ ಲೆಕ್ಕ? ನೋಡಬೇಕಾದದ್ದು, ಜೋರು ಪೆಟ್ಟಿಗೆ ಯಾವ ಮೈಕು ಒಡೆದ ದನಿ ಕೊಡುವುದಿಲ್ಲ ಎಂಬುದನ್ನು. ಕತ್ತಿನ ಬಳಿ ಸದ್ದು ತಗ್ಗಿಸುವ ಪುಟ್ಟ ಸ್ವಿಚ್ಚಿದ್ದ ಒಂದು ಸಾದಾ ಜೋಡಿಯನ್ನು ಆರಿಸಿ ತರಿಸಿಕೊಂಡೆ.

ಪೆಟ್ಟಿಗೆ ಬಂದ ದಿನ ಊಟಕ್ಕೂ ತಡೆಯಲಿಲ್ಲ. ಎರಡನ್ನೂ ಒಂದೇ ಸ್ಟ್ಯಾಂಡಿಗೆ ಸಿಕ್ಕಿಸಿ, ನಡುವೆ ಒಂದು ಗೇಣು ಬಿಟ್ಟು, ಮುಖಗಳನ್ನು ಹೊರಕ್ಕೆ ಓರೆ ಮಾಡಿ, ರೆಕಾರ್ಡರಿಗೆ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತೆ. ನನ್ನ ಗಂಡ ಸ್ಟೀಲಿನ ಬಟ್ಟಲನ್ನು ಚಮಚದಿಂದ ಬಡಿಯುತ್ತ ಅಡುಗೆಮನೆಯ ಬಾಗಿಲಿನಿಂದ ಕಿಟಕಿಯತ್ತ ನಡೆದರು. ನಾನು ಬೆರಳು ತೋರಿಸುತ್ತ ಹೋದೆ. ಕಣ್ಣು ತೆರೆದರೆ ಅವರು ಪೂರ್ತಿ ವಿರುದ್ಧ ದಿಕ್ಕಿನಲ್ಲಿ ನಿಂತಿದ್ದರು! ಎಡಬಲದ ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಸರಿಮಾಡಿ ಮತ್ತೆ ಕುಳಿತಾಗ ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ದಿನವೂ ನಾನು ಬೈದುಕೊಳ್ಳುವ ಲಾರಿಗಳ ಸದ್ದೇ. ಅದು ನನ್ನ ತಲೆಯೊಳಗೇ ಕಾರವಾರದ ಕಡೆಯಿಂದ ಅಂಕೋಲೆಯ ಕಡೆಗೆ ಸಾಗಿದಂತಾಗಿ ಮೈ ಜುಮ್ಮೆಂದಿತು. ಇನ್ನೊಂದು ಲಾರಿ ಬರಲಿ ಎಂದು ಕಾದು ಕುಳಿತೆ.

ಭಾನುವಾರ ಮಧ್ಯಾಹ್ನ ಮಂಜಗುಣಿಗೆ ಹೊರಟೆ. ಗಂಗಾವಳಿ ಹೊಳೆಯ ಕಡೆಯಿಂದ ಬೀಸುವ ಗಾಳಿಯ ಹೆದರಿಕೆಗೆ, ಮಗಳು ಆಡಿ ಬಿಟ್ಟ ಕರಡಿ ಬೊಂಬೆಯ ಬೆನ್ನು ಕತ್ತರಿಸಿ ಮೈಕುಗಳಿಗೆ ತುಪ್ಪಳದ ಟೊಪ್ಪಿಗೆ ಹೊಲಿದಿದ್ದೆ. ಅಂಗಳದಲ್ಲಿ ಅಣ್ಣತಮ್ಮಂದಿರು ಸೋಗೆಯ ಬೆಂಕಿಗೆ ಗುಮಟೆಯ ಚರ್ಮ ಕಾಯಿಸುತ್ತಿದ್ದರು. ಟೊಪ್ಪಿಗೆ ನೋಡಿ ತಮ್ಮ, ಇವಕ್ಕೆ ಚಳಿಯೋ ಎಂದು ವಿಚಾರಿಸಿದ.

ಮೊದಲು ಹತ್ತಿರ ನಿಲ್ಲಿಸಿದೆ, ಬರೀ ತಾಳ ಕೇಳಿತು. ಸ್ಟ್ಯಾಂಡನ್ನು ತಲೆಗಿಂತ ಎತ್ತರಿಸಿ ತುಳಸಿಕಟ್ಟೆಯವರೆಗೆ ಹಿಂದೆ ಸರಿದೆ. ಅಲ್ಲಿ ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ಕುಳಿತವು. ಎಡಗಿವಿಯಲ್ಲಿ ಅಣ್ಣನ ದಪ್ಪ ಪೆಟ್ಟು, ಬಲಗಿವಿಯಲ್ಲಿ ತಮ್ಮನ ಚುರುಕು ಬೆರಳು, ನಟ್ಟನಡುವೆ ಮಾವನ ದನಿ. ಕುಣಿಯಬೇಕೆನ್ನಿಸಿದರೂ ಸದ್ದಾದೀತೆಂದು ಸುಮ್ಮನೆ ನಿಂತೆ.

ಹಾಡು ಮುಗಿದ ಮೇಲೆ ಹೆಡ್‌ಫೋನನ್ನು ಮೊದಲು ಮಾವನ ತಲೆಗೇರಿಸಿದೆ. ಆತ ತಟ್ಟನೆ ಎಡಕ್ಕೆ ಕತ್ತು ಹೊರಳಿಸಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಣ್ಣ ಬಾವಿಕಟ್ಟೆಯ ಹತ್ತಿರ ನೀರು ಕುಡಿಯುತ್ತಿದ್ದ. ಮಾವ ಬೆರಗಿನಲ್ಲಿ ಕಡೆಯ ತನಕ ಕೇಳಿದನೇ ಹೊರತು ಲಯದ ವಿಷಯ ಎತ್ತಲಿಲ್ಲ. ಆಮೇಲೆ ತಮ್ಮ ಕೇಳಿದ, ಅವನ ಹುಬ್ಬು ಗಂಟಾಯಿತು, ಅಣ್ಣನಿಗೆ ದಾಟಿಸಿದ. ಅಣ್ಣ ಕಡೆಯ ಭಾಗವನ್ನು ಮತ್ತೆ ಮತ್ತೆ ಹಾಕಿಸಿಕೊಂಡ. ಉಳಿದವರು ಅವನ ಮುಖವನ್ನೇ ನೋಡುತ್ತಿದ್ದೆವು.

"ಓಡೂದು ನಾನೂ ಅಲ್ಲ, ಅಂವನೂ ಅಲ್ಲ," ಎಂದ ಕೊನೆಗೆ. "ತಾಳ ಓಡ್ತದೆ. ನಾವು ಅದ್ರ ಬೆನ್ನಿಗೆ ಬಿದ್ದು ಓಡ್ತೇವೆ."

ಮಾವ ತಾಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಮೈಕು ಸರಿಯಿದೆಯೇ ಎಂದು ಕೇಳಿದ. ಸರಿಯಿದೆ ಎಂದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ಬಿಟ್ಟಳು.

"ನಾ ಮದ್ವೆಯಾಗಿ ಬಂದಾಗಿಂದ ಹೇಳ್ತೇ ಇದ್ದೆ. ಕೇಳೂಕೆ ಯಾರಿಗೆ ಪುರಸೊತ್ತು?"

ಅಂಗಳವೆಲ್ಲ ನಕ್ಕಿತು. ಮಾವನೂ ನಕ್ಕ, ಸ್ವಲ್ಪ ತಡವಾಗಿ. ಆಮೇಲೆ ತಾಳವನ್ನು ಅತ್ತೆಯತ್ತ ಚಾಚಿದ. "ಹಂಗಾರೆ ನೀನೇ ಹಿಡಿ. ನಾ ಹಾಡೂದಷ್ಟೇ ಮಾಡ್ತೆ."

ಹೆಂಗಸರ ಭಜನೆಯಲ್ಲಿ ತಾಳ ಹಿಡಿದು ಪಳಗಿದ್ದ ಅತ್ತೆ, ಗುಮಟೆ ಮೇಳದಲ್ಲಿ ಕುಳಿತದ್ದು ಅದೇ ಮೊದಲು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಾವನ ಪಕ್ಕ ಚಾಪೆಯ ಮೇಲೆ ಜಾಗ ಮಾಡಿಕೊಂಡಳು. ನಾನು ಓಡಿಹೋಗಿ ರೆಕಾರ್ಡರಿನ ಗುಂಡಿ ಒತ್ತಿದೆ. ಈ ಸಲ ಹಾಡು ಓಡಲಿಲ್ಲ. ಬಿಗಿಯಾಗಿ, ಒಂದೇ ನಡೆಯಲ್ಲಿ ಏರಿತು. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿ ಪೆಟ್ಟು ಹಂಚಿಕೊಂಡರು, ಮಾವನ ದನಿಗೆ ಉಸಿರಾಡಲು ಜಾಗ ಸಿಕ್ಕಿತು. ಮುಗಿದ ಮೇಲೂ ಅತ್ತೆ ತಾಳ ಕೆಳಗಿಡದೆ ಮುಂದಿನ ಹಾಡು ಯಾವುದೆಂದು ಕೇಳಿದಳು.