ಭಾವನ ಎಡಗೆನ್ನೆ

ನಮ್ಮ ಭಾವನ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು, ನೆಲ್ಲಿಕಾಯಿ ಗಾತ್ರ. ಹಲ್ಲುನೋವಲ್ಲ, ಹೊಗೆಸೊಪ್ಪು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ಉಂಡೆ ಮಾಡಿ ಕೆನ್ನೆಗೂ ವಸಡಿಗೂ ನಡುವೆ ಒತ್ತಿಕೊಂಡರೆ ಮಾತಾಡುವಾಗಲೂ ಅಲ್ಲೇ, ಮಲಗಿದಾಗಲೂ ಅಲ್ಲೇ. ಉಣ್ಣುವಾಗ ಉಗಿಯುತ್ತಿದ್ದ. ಉಂಡ ಕೈ ಒಣಗುವ ಮೊದಲು ಇನ್ನೊಂದು ಉಂಡೆ.

ಭಾವ ಅಂದರೆ ನಮ್ಮಕ್ಕನ ಗಂಡ. ಅಕ್ಕನ ಮದುವೆಯಲ್ಲಿ ನಾನು ಲಂಗದ ಹುಡುಗಿ, ದಿಬ್ಬಣದಲ್ಲಿ ಅವನ ಹೆಗಲೇರಿ ಕೂತವಳು. ಅದಕ್ಕೇ ಕೊನೆತನಕ ನೀನು ಅಂತಲೇ ಮಾತು. ಅವರ ಊರು ಪರಶುರಾಂಪುರದ ಹತ್ತಿರ, ನನ್ನನ್ನು ಕೊಟ್ಟಿದ್ದು ಕೊಂಡ್ಲಹಳ್ಳಿಗೆ. ಮೊದಲು ಕುರಿ ಹಿಂದೆ ತಿರುಗುತ್ತಿದ್ದ. ಮೊಣಕಾಲು ಸೋತ ಮೇಲೆ ಒಂದಿಷ್ಟು ಕುರಿ ಮನೆ ಹತ್ತಿರ ಇಟ್ಟುಕೊಂಡು ಚಳ್ಳಕೆರೆ ಸಂತೆಯಲ್ಲಿ ಕುರಿ ದಲ್ಲಾಳಿಯಾದ.

ಕುರಿಯ ವಯಸ್ಸು ಹಲ್ಲಿನಲ್ಲಿರುತ್ತದೆ. ಭಾವ ಹೆಬ್ಬೆರಳಿನಿಂದ ಕೆಳದುಟಿ ಎಳೆಯುತ್ತಿದ್ದ, ಗದ್ದದ ಕೆಳಗೆ ಒಮ್ಮೆ ಕೈಯಾಡಿಸುತ್ತಿದ್ದ, ಅಷ್ಟೇ. "ಮಾರೋನ ಬಾಯಿ ಕೇಳಬ್ಯಾಡ, ಕುರಿ ಬಾಯಿ ನೋಡು" ಅನ್ನುವುದು ಅವನ ಮಾತು. ಒಂದು ಸಲ ನಾನೂ ಅವ್ವನೂ ಸಂತೆಗೆ ಹೋಗಿದ್ದೆವು. ಆಂಧ್ರದ ಕಡೆಯವನೊಬ್ಬ ಮುದಿಕುರಿಯೊಂದನ್ನು ಹಿಡಿದು "ಲೇತದಣ್ಣಾ, ಲೇತದಿ" ಅಂತ, ಎಳೆಯದು ಅಂತ, ಕೂಗುತ್ತಿದ್ದ. ಭಾವ ತುಟಿ ಎಳೆದು ನೋಡಿ, "ಎಳೇದೇನಪ್ಪಾ? ನಮ್ಮತ್ತೆ ಮದ್ವೆ ಊಟಕ್ಕೆ ಈ ಕುರೀನೂ ಬಂದಿತ್ತು" ಅಂದ. ಅವನತ್ತೆ ಅಂದರೆ ನಮ್ಮವ್ವ. ಪಕ್ಕದಲ್ಲೇ ನಿಂತಿದ್ದಳು. ಮನೆ ಸೇರುವ ತನಕ ಅವನಿಗೆ ಬೈಗುಳ.

ಆಮೇಲೆ ಒಂದು ವರ್ಷ ಅಕ್ಕ ಫೋನಿನಲ್ಲಿ ಅಂದಳು, "ನಿಮ್ ಭಾವ ಈಗೀಗ ಹೊಗೆಸೊಪ್ಪು ಬಲಗಡೆ ಇಟ್ಕೊಂತಾನೆ ಕಣೆ." ಯಾಕೆ ಅಂದೆ. "ಎಡಗಡೆ ಹುಣ್ಣಾಗೈತಂತೆ, ಉಷ್ಣ." ನಮ್ಮ ಕಡೆ ಬಾಯಿಗೆ ಏನು ಬಂದರೂ ಉಷ್ಣ. ಮಜ್ಜಿಗೆ ಕುಡಿ ಅಂದರೆ ವೈದ್ಯ ಮುಗಿಯಿತು. ನಾನೂ ಅದನ್ನೇ ಅಂದೆ.

ಮಾರ್ನವಮಿ ಕಳೆದ ಮೇಲೆ ಮೊಳಕಾಲ್ಮುರು ಕಡೆ ಕುರಿ ನೋಡಲು ಬಂದವನು ನಮ್ಮ ಮನೆಗೆ ಉಣ್ಣಲು ಬಂದ. ಮುದ್ದೆ, ಹುರುಳಿ ಸಾರು ಮಾಡಿದ್ದೆ. ನಿಂಬೆಕಾಯಿ ಗಾತ್ರ ಮುರಿದು ನುಂಗುವ ಗಂಡಸು ಮಗುವಿಗೆ ತಿನ್ನಿಸುವಂತೆ ಚಿವುಟಿ ಚಿವುಟಿ ಬಾಯಿಗೆ ತುರುಕುತ್ತಿದ್ದ. ಪ್ರತಿ ತುತ್ತಿಗೂ ನೀರು. ಕೊಟ್ಟ ಹಸಿಮೆಣಸಿನಕಾಯಿ ತಟ್ಟೆಯ ಅಂಚಿನಲ್ಲೇ ಉಳಿಯಿತು. ಎಡಗಿವಿಯಲ್ಲಿ ಹತ್ತಿ. ಸೆಕೆಯಲ್ಲೂ ಕೊರಳಿಗೆ ಟವೆಲ್ ಸುತ್ತಿದ್ದ.

"ಕಿವೀಗೇನಾಗೈತೆ?"

"ಸೀಳ್ದಂಗೆ ನೋಯ್ತೈತೆ. ನಿಮ್ಮಕ್ಕ ಬೆಳ್ಳುಳ್ಳಿ ಎಣ್ಣೆ ಬಿಟ್ಟವಳೆ."

"ಕೊರಳಿಗೇನು?"

ಸುತ್ತು ಬಿಗಿ ಮಾಡಿಕೊಂಡ. ನಾನೇ ಟವೆಲ್ ಎಳೆದೆ. ಎಡಗದ್ದದ ಕೆಳಗೆ ಗಂಟು. ಮುಟ್ಟಿದರೆ ಕಲ್ಲು.

"ಅದೇನಿಲ್ಲ ಕಣೆ, ಕುರಿ ಬಾವು" ಅಂದ. ಮಳೆ ಬಿದ್ದ ವರ್ಷ ಕೆರೆಯಂಗಳದ ಹಸಿ ಮೇಯ್ದ ಕುರಿಗಳಿಗೆ ಗದ್ದದ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಜಂತಿನ ಔಷಧಿಯನ್ನು ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಬಿಟ್ಟರೆ ಇಳಿಯುತ್ತದೆ. ಆ ವರ್ಷ ಅವನ ಕುರಿಗಳಿಗೂ ಬಂದಿತ್ತು.

"ನಾನೂ ಕುರೀನೂ ಅದೇ ಕೆರೆ ನೀರು ಕುಡ್ದಿದ್ದು."

"ಅದಕ್ಕೆ?"

"ಅದಕ್ಕೆ ನಾನೂ ಒಂದು ಗೊಟ್ಟ ಹಾಕ್ಕೊಂಡೆ."

ನನಗೆ ನಗು ತಡೆಯಲಾಗಲಿಲ್ಲ. "ಕುರಿ ಬಾವು ಇಳೀತಾ?"

"ಇಳೀತು."

"ನಿಂದು?"

"ಎರಡು ದಿನ ಚೊಂಬು ಹಿಡ್ಕೊಂಡು ಓಡಾಡಿದ್ದೇ ಬಂತು."

ನಗು ಅಲ್ಲಿಗೆ ನಿಂತಿತು. ಆ ಹುಣ್ಣು ಕಾರಹುಣ್ಣಿಮೆಗೆ ಮುಂಚಿನದು ಅಂತ ಆಗ ಬಾಯಿಬಿಟ್ಟ. ಮುಂಗಾರು ಬಂದು, ಶೇಂಗಾ ಕಿತ್ತು, ಹಬ್ಬ ಮುಗಿದರೂ ಮಾಯದ ಹುಣ್ಣು ಯಾವ ಉಷ್ಣದ್ದು?

"ಬಾಯಿ ತಗಿ" ಅಂದೆ.

"ಯಾಕೆ, ನನ್ನ ಮಾರ್ತೀಯಾ?"

"ನಿನ್ನ ಯಾರ್ ಕೊಂತಾರೆ? ತಗಿ."

ತೆಗೆದ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಮೊಬೈಲಿನ ಬೆಳಕು ಬಿಟ್ಟೆ. ಕೆನ್ನೆಯ ಒಳಗೆಲ್ಲ ಸುಣ್ಣ ಬಳಿದು ಬಿರಿದಂಥ ಬಿಳುಪು. ಅದರ ನಡುವೆ ಕೆಂಪು ಗಾಯ, ಅಂಚು ದಪ್ಪಗೆ ಎದ್ದಿತ್ತು. ಕೆಟ್ಟ ವಾಸನೆ. ಬೆರಳಿಟ್ಟು ಒತ್ತಿ, ನೋಯ್ತೈತಾ ಅಂದೆ. "ಖಾರ ತಾಗಿದ್ರೆ ಉರೀತೈತೆ, ಅಷ್ಟೇ. ನೋವಿಲ್ಲ" ಅಂದ, ಗೆದ್ದವನ ಹಾಗೆ. ಇಷ್ಟು ದಿನ ಅವನು ಡಾಕ್ಟರ ಬಳಿ ಹೋಗದ್ದಕ್ಕೆ ಕಾರಣ ಇದೊಂದೇ. ನೋವಿಲ್ಲದ್ದು ರೋಗವಲ್ಲ ಅಂತ ಅವನ ಲೆಕ್ಕ.

ಮಾರನೆಯ ದಿನ ಬಸ್ಸು ಹತ್ತಿಸಿಕೊಂಡು ಚಳ್ಳಕೆರೆಗೆ ಹೋದೆ. ಹಲ್ಲಿನ ಡಾಕ್ಟರಮ್ಮ, ಚಿಕ್ಕ ವಯಸ್ಸು. ನೋಡುತ್ತಿದ್ದಂತೆ ಅವಳ ಮಾತು ಕಡಿಮೆಯಾಯಿತು. "ಮೊದಲೇ ಯಾಕೆ ಬರಲಿಲ್ಲ ಅಜ್ಜಾ?" ಅಂದಳು.

"ನೋವಿರ್ಲಿಲ್ಲ ತಾಯಿ."

"ಶುರುವಾಗುವಾಗ ಇದು ನೋಯೋದಿಲ್ಲ ಅಜ್ಜಾ. ಅದೇ ಇದರ ಕೆಟ್ಟ ಗುಣ."

ಅವನನ್ನು ಹೊರಗೆ ಕೂರಿಸಿ ನನಗೆ ಬಿಡಿಸಿ ಹೇಳಿದಳು. ಬಾಯಿಯ ಹುಣ್ಣು ಮೂರು ವಾರ ದಾಟಿದರೂ ಮಾಯದಿದ್ದರೆ ಉಷ್ಣ ಅಂತ ಕೂರಬಾರದು. ಬಿಳಿಯದೋ ಕೆಂಪಗಿನದೋ ಮಚ್ಚೆ, ಕೊರಳಲ್ಲಿ ಇಳಿಯದ ಗಂಟು, ಶೀತವಿಲ್ಲದೆ ಒಡೆದೇ ಇರುವ ದನಿ, ನುಂಗಲು ಕಷ್ಟ, ಕಾರಣವಿಲ್ಲದೆ ಅಲುಗುವ ಹಲ್ಲು, ಇವೂ ಹಾಗೇ, ತೋರಿಸಬೇಕು. ಬಾಯೊಳಗಿನ ರೋಗ ಕಿವಿಯಲ್ಲಿ ನೋವಾಗಿ ಕಾಣುವುದೂ ಉಂಟಂತೆ. ಕಿವಿಗೆ ಎಣ್ಣೆ ಬಿಟ್ಟು ಏನು ಬಂತು?

ದೊಡ್ಡಾಸ್ಪತ್ರೆಗೆ ಕಳಿಸಿದರು. ಕ್ಯಾನ್ಸರ್ ಅಂದರು. ಕೆನ್ನೆ, ದವಡೆಯ ಒಂದು ಭಾಗ, ಕೊರಳ ಗಂಟು ತೆಗೆದರು. ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಆಮೇಲೆ ಕರೆಂಟು ಕೊಟ್ಟರು, ರೇಡಿಯೇಶನ್ ಅಂತಾರಲ್ಲ, ಅದು. ಅಕ್ಕ ಜೊತೆಗಿದ್ದಳು, ಅಳಲಿಲ್ಲ. ಊರಿಗೆ ಬಂದ ಭಾವನ ಮುಖ ಒಂದು ಕಡೆ ಕುಸಿದಿತ್ತು. ಅಂಬಲಿ ಚಮಚದಲ್ಲಿ ಕುಡಿದರೆ ಅರ್ಧ ಹೊರಗೆ ಹರಿಯುತ್ತಿತ್ತು. ಒರೆಸಲು ಯಾರನ್ನೂ ಬಿಡುತ್ತಿರಲಿಲ್ಲ.

ಅಂಥ ಮುಖ ಇಟ್ಟುಕೊಂಡು ಮತ್ತೆ ಸಂತೆಗೆ ಹೋದ! ದಲ್ಲಾಳಿಗಲ್ಲ, ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಕೂತು, ಯಾರಾದರೂ ಹೊಗೆಸೊಪ್ಪೋ ಗುಟ್ಕಾವೋ ಬಿಚ್ಚಿದರೆ ಎದ್ದು ಹೋಗಿ "ಬಾಯ್ ತಗಿ" ಅನ್ನುತ್ತಿದ್ದ. "ಲೇ, ಓಡ್ರಲೇ, ಅಜ್ಜ ಹಲ್ಲು ನೋಡಾಕ್ ಬಂತು" ಅಂತ ಗಂಡಸರು ನಗುತ್ತಾ ಚದುರುತ್ತಿದ್ದರು. ಅವನೂ ಉಳಿದರ್ಧ ಮುಖದಲ್ಲಿ ನಗುತ್ತಿದ್ದ. ಉಪದೇಶ ಮಾಡಿದವನಲ್ಲ. ಎಷ್ಟು ಜನ ತೋರಿಸಿದರೋ ನನಗೆ ಗೊತ್ತಿಲ್ಲ. ಹೆಚ್ಚಿನವರು ತೋರಿಸಲಿಲ್ಲ.

ಒಂದು ದಿನ ನಮ್ಮ ಮನೆಗೆ ಬಂದ. ನಾನು ಕಟ್ಟೆಯ ಮೇಲೆ ಕೂತು ಕಡ್ಡಿಪುಡಿ ಹಾಕಿಕೊಳ್ಳುತ್ತಿದ್ದೆ, ಅದೂ ಹೊಗೆಸೊಪ್ಪಿನ ಪುಡಿಯೇ. ಮೊದಲ ಬಾಣಂತನದಿಂದ ಬಂದ ಚಟ. ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಬಾಯ್ ತಗಿ."

"ಹೋಗತ್ಲಾಗೆ. ನಂಗೇನಾಗೈತೆ? ನೋವಿಲ್ಲ ಏನಿಲ್ಲ."

ಅವನು ನಗಲಿಲ್ಲ. ಜೊಲ್ಲು ಒರೆಸಿಕೊಂಡು, ಒಂದೊಂದೇ ಅಕ್ಷರ ದಬ್ಬಿ, "ನಾನೂ ಅದೇ ಅಂದಿದ್ದೆ ನಾದ್ನಿ" ಅಂದ.

ತೆಗೆದೆ. ಕೆಳದುಟಿ ಎಳೆದು ನೋಡಿದ. ಒಳಗೆ ಒಂದು ಬಿಳಿ ಮಚ್ಚೆ ಇತ್ತು. ನಾನು ನೋಡಿಕೊಂಡೇ ಇರಲಿಲ್ಲ. ನೋಯದ ಜಾಗವನ್ನು ಯಾರು ನೋಡಿಕೊಳ್ಳುತ್ತಾರೆ?

ಮಾರನೆಯ ದಿನ ಅವನೇ ನನ್ನನ್ನು ಚಳ್ಳಕೆರೆಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಎದುರಿನ ಸೀಟಿನ ಹೆಂಗಸು ಅವನ ಮುಖ ನೋಡಿ ಮಗುವನ್ನು ಆ ಕಡೆ ತಿರುಗಿಸಿಕೊಂಡಳು. ಅವನು ಟವೆಲ್ ಮೇಲೆಳೆದುಕೊಂಡ. ಡಾಕ್ಟರಮ್ಮ ಆ ಮಚ್ಚೆಯಿಂದ ಒಂದು ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದಳು. ಫಲ ಬಂದ ದಿನ ಮತ್ತೆ ಹೋದೆವು. ಇನ್ನೂ ಕ್ಯಾನ್ಸರ್‌ಗೆ ತಿರುಗಿಲ್ಲ, ಆದರೆ ತಿರುಗಬಹುದು, ಕಡ್ಡಿಪುಡಿ ಬಿಡು, ಆಗಾಗ ಬಂದು ತೋರಿಸು ಅಂದಳು. ಕೇಳಿ ಭಾವ ನನ್ನ ಬೆನ್ನಿಗೊಂದು ಗುದ್ದಿದ. ಬಿಟ್ಟೆ. ಮೊದಲ ತಿಂಗಳು ಸೊಸೆಯ ಜೊತೆ ಜಗಳವಾಡದ ದಿನವಿಲ್ಲ. ಆದರೂ ಬಿಟ್ಟೆ. ನಾನಿವತ್ತು ಮುದ್ದೆ ನುಂಗುತ್ತಿರುವುದು ಅವನ ಋಣ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಅವನಿಗೆ ಕೊರಳಲ್ಲಿ ಮತ್ತೆ ಗಂಟು ಬಂತು. ಇನ್ನು ಕೊಯ್ಯುವಂತಿಲ್ಲ ಅಂದರು. ಮುಂದಿನ ಮಳೆಗಾಲ ನೋಡಲಿಲ್ಲ.

ಮೂರನೆಯ ದಿನ ಹೂತ ಗುದ್ದಿನ ಮೇಲೆ ಹಾಲುತುಪ್ಪ ಬಿಟ್ಟು ಎಡೆ ಇಟ್ಟರು. ಸತ್ತವರು ಇಷ್ಟಪಟ್ಟದ್ದೆಲ್ಲ ಇಡುವುದು ಪದ್ಧತಿ. ಹಿರಿಯರೊಬ್ಬರು ಜೇಬಿನಿಂದ ಹೊಗೆಸೊಪ್ಪು ತೆಗೆದು, "ಇದಿಲ್ದಿದ್ರೆ ಅವನ ಜೀವ ಒಪ್ಪಲ್ಲ" ಅಂತ ಬಾಳೆಲೆಯ ಅಂಚಿಗೆ ಇಟ್ಟರು. ಅಕ್ಕ ಎದ್ದು ಬಂದಳು. ಅದನ್ನು ಎತ್ತಿ ಜಾಲಿ ಪೊದೆಯೊಳಗೆ ಎಸೆದಳು.

"ಬೇಕಾದ್ರೆ ನನ್ ಕನಸಿಗೆ ಬಂದು ಕೇಳ್ಲಿ. ನಾನು ಉತ್ರ ಕೊಡ್ತೀನಿ" ಅಂದಳು.

ಅಕ್ಕನ ಮನೆಗೆ ಹೋದಾಗಲೆಲ್ಲ ಕೇಳುತ್ತೇನೆ, ಕನಸಿಗೆ ಬಂದಿದ್ನೇನೆ ಅಂತ.

"ಬರ್ತಾನೆ" ಅನ್ನುತ್ತಾಳೆ. "ಹೊಗೆಸೊಪ್ಪು ಕೇಳಲ್ಲ. ನಿನ್ ತಂಗಿ ಬಾಯಿ ತೋರ್ಸ್ಕೊಂಡು ಬಂದ್ಲಾ ಅಂತ ಕೇಳ್ತಾನೆ."

ಕನಸೋ, ಅಕ್ಕನ ಕಿತಾಪತಿಯೋ, ನನಗೆ ತಿಳಿಯದು. ಬಸ್ಸು ಹತ್ತಿ ಹೋಗಿ ತೋರಿಸಿಕೊಂಡು ಬರುತ್ತೇನೆ.